ಯೂರೋಪೀಯ ಜನಾಭಿಪ್ರಾಯ ಮೀಮಾಂಸೆ: ಸೂತ್ರ, ವೃತ್ತಿ, ಫಲಶ್ರುತಿ ಸಹಿತ

ಉಪೋದ್ಘಾತ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಈ ಶಾಸ್ತ್ರದ ವಿಷಯ: ಯೂರೋಪಿನ ಜನರ ಮನಸ್ಸಿನಲ್ಲಿ ಏನಿದೆ ಎಂಬುದು. ಪ್ರಯೋಜನ: ಅದು ಆ ಜನರಿಗಿಂತ ಮೊದಲು ಆಳುವವರಿಗೆ ಗೊತ್ತಾಗುವುದು. ಸಂಬಂಧ: ಮನಸ್ಸಿಗೂ ಶೇಕಡಾವಾರಿಗೂ ಇದೆಯೆಂದು ಹಿರಿಯರು ನಂಬಿಕೊಂಡು ಬಂದಿರುವ ಸಂಬಂಧ. ಅಧಿಕಾರಿ: 15 ವರ್ಷ ತುಂಬಿದ, ಕರೆಗಂಟೆ ಬಾರಿಸಿದರೆ ಎದ್ದು ಬರುವ ಯಾರಾದರೂ ಸರಿ. ವೇದಾಂತ ಓದುವವನಿಗೆ ಶಮದಮಾದಿಗಳು ಬೇಕು. ಇಲ್ಲಿ ಮನೆಯಲ್ಲಿದ್ದರೆ ಸಾಕು.

ಇನ್ನು ಉಪಕರಣದ ವಿಚಾರ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ನಳಿಗೆಯಿಂದ ಗಾಳಿಯ ಒತ್ತಡವನ್ನು ಅಳೆಯಬಹುದೆಂದು ತೋರಿಸಿಕೊಟ್ಟ. ಆ ಯಂತ್ರಕ್ಕೆ ಬ್ಯಾರೋಮೀಟರ್ ಎಂದು ಹೆಸರಾಯಿತು. ಆಕಾಶದ ಗಾಳಿಯನ್ನು ಅಳೆದು ಮುಗಿಸಿದ ಯೂರೋಪಿಗೆ ಉಳಿದದ್ದು ಬಾಯಿಂದ ಹೊರಡುವ ಗಾಳಿ. ಒಂಬತ್ತೇ ದೇಶಗಳಿದ್ದ ಅಂದಿನ ಯೂರೋಪಿಯನ್ ಸಮುದಾಯದ ಆಯೋಗವು 1974ರಲ್ಲಿ, ಜಾಕ್-ರೆನೆ ರಾಬಿಯೆ ಎಂಬ ಫ್ರೆಂಚರ ಮುಂದಾಳತ್ವದಲ್ಲಿ, ಅದಕ್ಕೂ ಒಂದು ಯಂತ್ರ ಹೂಡಿತು. ಅದೇ ಯೂರೋಬ್ಯಾರೋಮೀಟರ್. ವಸಂತಕ್ಕೊಂದು, ಶರತ್ಕಾಲಕ್ಕೊಂದು, ವರ್ಷಕ್ಕೆರಡು ಬೆಳೆ.

2002ರಲ್ಲಿ ಇನ್ನೊಂದು ಶಾಖೆ ಹುಟ್ಟಿತು. ಬ್ರಿಟನ್ನಿನ ರೋಜರ್ ಜೋವೆಲ್ ಅವರು ಮುಂದೆ ನಿಂತು ಕಟ್ಟಿದ ಯೂರೋಪಿಯನ್ ಸೋಷಿಯಲ್ ಸರ್ವೆ ಇದು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಶಾಖೆಯಲ್ಲಿ ಮಡಿ ಜಾಸ್ತಿ. ಚೀಟಿ ಎತ್ತಿದಂತೆ ಆಯ್ಕೆಯಾದ ವ್ಯಕ್ತಿಯನ್ನೇ ಹಿಡಿದು ಕೇಳಬೇಕು. ಅವರು ಸಿಗಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳಿ ಬರುವುದು, ಗೊತ್ತುಮಾಡಿದ ವರ ಬರಲಿಲ್ಲವೆಂದು ಎದುರು ಮನೆಯ ಹುಡುಗನಿಗೆ ಬಾಸಿಂಗ ಕಟ್ಟಿದ ಹಾಗೆ, ಸಂಪೂರ್ಣ ನಿಷಿದ್ಧ.

ಪೂರ್ವಪಕ್ಷ

ಜನಾಭಿಪ್ರಾಯ ಎಂಬ ವಸ್ತು ಇದೆಯೇ? ಇಲ್ಲ ಎನ್ನುತ್ತಾರೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ. 1972ರಲ್ಲಿ ಮಾಡಿ ಮರುವರ್ಷ ಅಚ್ಚಾದ ಅವರ ಉಪನ್ಯಾಸದ ಶೀರ್ಷಿಕೆಯೇ ಜನಾಭಿಪ್ರಾಯ ಇಲ್ಲ ಎಂದು ಸಾರುತ್ತದೆ. ಅವರ ಆಕ್ಷೇಪ ಮೂರು. ಎಲ್ಲರಿಗೂ ಎಲ್ಲದರ ಬಗ್ಗೆ ಅಭಿಪ್ರಾಯ ಇರುತ್ತದೆ ಎಂದು ಸಮೀಕ್ಷಕರು ಹಿಡಿಯುತ್ತಾರೆ. ಎಲ್ಲ ಅಭಿಪ್ರಾಯಗಳ ತೂಕವೂ ಒಂದೇ ಎಂದು ಹಿಡಿಯುತ್ತಾರೆ. ಕೇಳಬೇಕಾದ ಪ್ರಶ್ನೆ ಯಾವುದೆಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ ಎಂದು ಹಿಡಿಯುತ್ತಾರೆ. ಈ ಮೂರೂ ಸಂದೇಹಾಸ್ಪದ.

ಇದಕ್ಕೆ ಸಮಾಧಾನ. ಮೊಲಕ್ಕೆ ಕೊಂಬಿಲ್ಲವೆಂದು ತಾರ್ಕಿಕರು ಹೇಳಿದ್ದಾರೆ ನಿಜ. ಅದರ ಉದ್ದ ಅಳೆಯಬಾರದೆಂದು ಯಾರೂ ಹೇಳಿಲ್ಲ. ಒಬ್ಬ ಫ್ರೆಂಚರು ಇಲ್ಲವೆಂದ ಎರಡೇ ವರ್ಷಕ್ಕೆ ಇನ್ನೊಬ್ಬ ಫ್ರೆಂಚರು ಅದನ್ನು ಒಂಬತ್ತು ದೇಶಗಳಲ್ಲಿ ಅಳೆದು ಕೋಷ್ಟಕ ಹಾಕಿದರು. ಕೋಷ್ಟಕದಲ್ಲಿ ಇರುವ ವಸ್ತು ಲೋಕದಲ್ಲಿ ಇಲ್ಲವೆನ್ನುವುದು ಹೇಗೆ? ಪೂರ್ವಪಕ್ಷ ಇಲ್ಲಿಗೆ ನಿರಸ್ತ.

ಪ್ರಮಾಣ ನಿರ್ಣಯ

ಮನಸ್ಸು ಕಣ್ಣಿಗೆ ಕಾಣದ್ದರಿಂದ ಪ್ರತ್ಯಕ್ಷ ಪ್ರಮಾಣ ಇಲ್ಲಿ ಸಲ್ಲದು. ಅನುಮಾನ ಪ್ರಮಾಣ ಸಲ್ಲುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ. ಸಾವಿರ ಜನರಲ್ಲಿ ಹೊಗೆ ಕಂಡರೆ ದೇಶಕ್ಕೇ ಬೆಂಕಿ ಬಿದ್ದಿದೆ, ಶೇ. 3ರಷ್ಟು ಆಚೆ ಈಚೆ. ಇದಕ್ಕೆ ನಮ್ಮಲ್ಲಿ ಸ್ಥಾಲೀಪುಲಾಕ ನ್ಯಾಯ ಎಂಬ ಹಳೆಯ ಹೆಸರಿದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಪಾತ್ರೆಯನ್ನೆಲ್ಲ ಉಣ್ಣಬೇಕಾಗಿಲ್ಲ. ಸೌಟು ತಳದವರೆಗೂ ಹೋಗಿರಬೇಕು ಎಂಬುದೊಂದೇ ಷರತ್ತು. ಮೇಲಿನ ಅಗುಳನ್ನೇ ಹಿಚುಕಿ, ತಳ ಸೀದಿದ್ದು ಗೊತ್ತಾಗದೆ ಎಲೆ ಹಾಕಿಸಿದ ಸಮೀಕ್ಷಕರು ಹಲವರಿದ್ದಾರೆ. 2015ರ ಬ್ರಿಟನ್ ಚುನಾವಣೆಯಲ್ಲಿ ಎಲ್ಲ ಸಮೀಕ್ಷೆಗಳೂ ಒಟ್ಟಿಗೆ ತಪ್ಪಿದಾಗ, ಪ್ಯಾಟ್ರಿಕ್ ಸ್ಟರ್ಜಿಸ್ ಅವರ ವಿಚಾರಣಾ ಸಮಿತಿ ಕಂಡುಹಿಡಿದ ಮುಖ್ಯ ದೋಷ ಇದೇ: ಅಗುಳು ಪಾತ್ರೆಯನ್ನು ಪ್ರತಿನಿಧಿಸುತ್ತಿರಲಿಲ್ಲ.

ಪಾತ್ರೆ ದೊಡ್ಡದಾದರೆ ಅಗುಳೂ ಅಷ್ಟೇ ಹೆಚ್ಚು ಬೇಕೆಂದು ಲೌಕಿಕರು ತಿಳಿಯುತ್ತಾರೆ. ಶಾಸ್ತ್ರ ಒಪ್ಪುವುದಿಲ್ಲ. ಯೂರೋಬ್ಯಾರೋಮೀಟರಿನಲ್ಲಿ ಸಾಮಾನ್ಯವಾಗಿ ದೇಶಕ್ಕೆ ಸಾವಿರ ಜನ, ಜರ್ಮನಿಗೆ 1,500, ಪುಟ್ಟ ಲಕ್ಸಂಬರ್ಗಿಗೆ 500. ಹೀಗಾಗಿ ಪ್ರಶ್ನೆಗೆ ಸಿಕ್ಕ ಒಬ್ಬ ಜರ್ಮನ್ ಸುಮಾರು 55 ಸಾವಿರ ದೇಶಬಾಂಧವರ ಪರವಾಗಿ ಕೆಮ್ಮಿದರೆ, ಲಕ್ಸಂಬರ್ಗಿನವರು ಕೆಮ್ಮುವುದು ಸಾವಿರದ ಮುನ್ನೂರು ಚಿಲ್ಲರೆ ಜನರ ಪರವಾಗಿ. ಒಟ್ಟು ಯೂರೋಪಿನ ಲೆಕ್ಕ ಹಾಕುವಾಗ ಇದನ್ನು ತೂಕ ಹಾಕಿ ಸರಿಪಡಿಸುತ್ತಾರೆ. ಕೆಮ್ಮಿದವರಿಗೆ ಈ ತೂಕದ ವಿಷಯ ತಿಳಿಸುವ ಪದ್ಧತಿ ಇಲ್ಲ.

ಮೂರನೆಯದು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಆಪ್ತ ಯಾರು? ಯಥಾರ್ಥವನ್ನು ತಿಳಿದು ಹೇಳುವವನು ಎಂದು ನೈಯಾಯಿಕರು. ಮನೆಯಲ್ಲಿ ಯಾರ ಹುಟ್ಟುಹಬ್ಬ ಹತ್ತಿರವಿದೆಯೋ ಅವರು ಎಂದು ಯೂರೋಬ್ಯಾರೋಮೀಟರ್. ಇಲ್ಲದಿದ್ದರೆ ಬಾಗಿಲಿಗೆ ಮೊದಲು ಬರುವವರೇ ಎಲ್ಲ ಮನೆಗಳ ಪರವಾಗಿ ಮಾತನಾಡಿಬಿಡುತ್ತಾರೆ ಎಂಬ ಎಚ್ಚರ ಇದರ ಹಿಂದಿದೆ. ಎರಡನೆಯ ಲಕ್ಷಣವೇ ಗ್ರಾಹ್ಯ. ಸತ್ಯವಾದಿಯನ್ನು ಹುಡುಕುವುದಕ್ಕಿಂತ ಹುಟ್ಟಿದ ತಾರೀಕು ಕೇಳುವುದು ಸುಲಭ.

ಸೂತ್ರ 1: ಬಾಗಿಲು ತೆರೆದವನೇ ಜನ

ವೃತ್ತಿ: ಸೋಷಿಯಲ್ ಸರ್ವೆಯ ಸಂದರ್ಶಕನು ಆಯ್ಕೆಯಾದ ಮನೆಗೆ ಕನಿಷ್ಠ ನಾಲ್ಕು ಸಲ ಹೋಗಬೇಕು. ಒಂದು ಸಲ ಸಂಜೆ, ಒಂದು ಸಲ ವಾರಾಂತ್ಯ. ನಾಲ್ಕನ್ನೂ ಒಂದೇ ವಾರದಲ್ಲಿ ಮುಗಿಸುವಂತಿಲ್ಲ. ಸಾಲ ವಸೂಲಿಗೆ ಬರುವವರಲ್ಲೂ ಇಷ್ಟು ನಿಷ್ಠೆ ಕಾಣುವುದು ಕಷ್ಟ. ಬಾಗಿಲು ತೆರೆಯದಿದ್ದರೂ ಬರಿಗೈಯಲ್ಲಿ ಮರಳುವಂತಿಲ್ಲ. ಮನೆಯ ಸ್ಥಿತಿ ಹೇಗಿದೆ, ಸುತ್ತ ಕಸ ಬಿದ್ದಿದೆಯೇ, ಗೋಡೆಯ ಮೇಲೆ ಗೀಚಿದ್ದಾರೆಯೇ ಎಂದು ನಮೂನೆಯಲ್ಲಿ ತುಂಬಬೇಕು. ಮೀಮಾಂಸಕರು ಇದಕ್ಕೇ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದ್ದು. ಸಿಗದೇ ಇರುವುದೂ ಒಂದು ಜ್ಞಾನ.

ಆಯ್ಕೆಯಾದವರಲ್ಲಿ ಶೇ. 70 ಮಂದಿಯಾದರೂ ಉತ್ತರಿಸಬೇಕು ಎಂಬ ಗುರಿಯನ್ನು ಈ ಶಾಖೆ ಇಟ್ಟುಕೊಂಡಿತ್ತು. ಬಹಳ ದೇಶಗಳಲ್ಲಿ ಅದು ಗುರಿಯಾಗಿಯೇ ಉಳಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸಮೀಕ್ಷೆಯ ಹೆಸರಾಂತ ಪ್ರಶ್ನೆಗಳಲ್ಲೊಂದು: ಬಹುಪಾಲು ಜನರನ್ನು ನಂಬಬಹುದೇ, ಇಲ್ಲಾ ಎಷ್ಟು ಹುಷಾರಾಗಿದ್ದರೂ ಸಾಲದೇ? ಡೆನ್ಮಾರ್ಕ್, ನಾರ್ವೆ, ಫಿನ್ಲೆಂಡ್ ದೇಶದವರು ನಂಬುತ್ತೇವೆ ಎನ್ನುತ್ತಾರೆ. ಬಲ್ಗೇರಿಯ, ಸೈಪ್ರಸ್‌ನವರು ಹುಷಾರು ಎನ್ನುತ್ತಾರೆ. ಆದರೆ ಈ ಪ್ರಶ್ನೆ ಕೇಳಿಸಿಕೊಳ್ಳಬೇಕಾದರೆ ಗುರುತಿಲ್ಲದವರನ್ನು ಒಂದು ಗಂಟೆ ಒಳಗೆ ಕೂರಿಸಬೇಕು. ಯಾರನ್ನೂ ನಂಬದವರು ಬಾಗಿಲೇ ತೆರೆದಿಲ್ಲ. ಅವರ ಉತ್ತರ ಚಿಲಕದಲ್ಲಿದೆ.

ಸೂತ್ರ 2: ಪ್ರಶ್ನೆಯಂತೆ ಉತ್ತರ

ವೃತ್ತಿ: ಈ ಸೂತ್ರದ ಅತ್ಯುತ್ತಮ ಭಾಷ್ಯಕಾರರು ಸರ್ ಹಂಫ್ರಿ ಆ್ಯಪಲ್ಬಿ. ಬಿಬಿಸಿಯ ‘ಯೆಸ್, ಪ್ರೈಮ್ ಮಿನಿಸ್ಟರ್’ ಹಾಸ್ಯ ಧಾರಾವಾಹಿಯ ಈ ಕಾಲ್ಪನಿಕ ಅಧಿಕಾರಿ, 1986ರ ಒಂದು ಕಂತಿನಲ್ಲಿ, ತಮ್ಮ ಕೈಕೆಳಗಿನವನಿಗೆ ಎರಡು ಸಾಲು ಪ್ರಶ್ನೆ ಕೇಳುತ್ತಾರೆ. ಯುವಕರು ದಾರಿ ತಪ್ಪಿದ್ದಾರೆಯೇ ಎಂಬ ಕಡೆಯಿಂದ ಹೊರಟ ಸಾಲು ಮುಗಿಯುವಾಗ ಅವನು ಕಡ್ಡಾಯ ಸೈನಿಕ ಸೇವೆಯ ಪರ. ಯುದ್ಧದ ಭೀತಿಯಿಂದ ಹೊರಟ ಸಾಲು ಮುಗಿಯುವಾಗ ಅದರ ವಿರುದ್ಧ. ನಡುವೆ ಒಂದು ನಿಮಿಷವೂ ಕಳೆದಿಲ್ಲ.

ಒಂದೇ ಭಾಷೆಯಲ್ಲಿ ಹೀಗಾದರೆ ಹಲವು ಭಾಷೆಗಳ ಗತಿ? ಸೋಷಿಯಲ್ ಸರ್ವೆಯ ಮೂಲಪಾಠ ಇಂಗ್ಲಿಷಿನಲ್ಲಿದೆ. ದೇಶದ ಶೇ. 5ರಷ್ಟಾದರೂ ಜನ ಮೊದಲ ಭಾಷೆಯಾಗಿ ಆಡುವ ಪ್ರತಿ ಭಾಷೆಗೂ ಅದನ್ನು ತರಬೇಕು. ಸ್ವಿಟ್ಜರ್ಲೆಂಡ್ ಒಂದಕ್ಕೇ ಜರ್ಮನ್, ಫ್ರೆಂಚ್, ಇಟಾಲಿಯನ್ ಎಂದು ಮೂರು. ಇದಕ್ಕೆ ಐದು ಸಂಸ್ಕಾರಗಳು ವಿಹಿತವಾಗಿವೆ: ಅನುವಾದ, ವಿಮರ್ಶೆ, ತೀರ್ಪು, ಪೂರ್ವಪರೀಕ್ಷೆ, ದಾಖಲೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ಒಟ್ಟಿಗೆ ಕೂತು ಜಗಳಾಡಿ, ಮೂರನೆಯವರ ತೀರ್ಪಿಗೆ ಒಪ್ಪಿ, ಜಗಳವನ್ನೂ ಬರೆದಿಡಬೇಕು. ಒಂದೇ ಸೂತ್ರಕ್ಕೆ ಮೂರು ಭಾಷ್ಯ ಬರೆದು ಮೂರು ಮತ ಕಟ್ಟಿಕೊಂಡ ನಾಡಿನವರಾದ ನಮಗೆ ಈ ಎಚ್ಚರ ಅರ್ಥವಾಗುತ್ತದೆ.

ಸೂತ್ರ 3: ಮಧ್ಯವಿಲ್ಲದಿದ್ದರೂ ಮಧ್ಯದಲ್ಲೇ ನಿಲ್ಲು

ವೃತ್ತಿ: 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಪರದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತರು. ಅಂದು ಯಾರು ಎಲ್ಲಿ ಕುರ್ಚಿ ಹಿಡಿದರೋ ಅದರ ಫಲವಾಗಿ ಯೂರೋಪಿನ ಪ್ರಜೆ ಇಂದಿಗೂ ತನ್ನ ಸಮಗ್ರ ರಾಜಕೀಯ ದರ್ಶನವನ್ನು ಒಂದು ಅಂಕೆಯಲ್ಲಿ ಹೇಳಬೇಕಾಗಿದೆ. ಯೂರೋಬ್ಯಾರೋಮೀಟರಿನ ಪಟ್ಟಿಯಲ್ಲಿ 1 ಎಂದರೆ ಎಡ, 10 ಎಂದರೆ ಬಲ. ಬಹಳ ಮಂದಿ 5 ಎಂದು ಹೇಳಿ ನಿರಾಳರಾಗುತ್ತಾರೆ, ನಡುವೆ ನಿಂತೆವೆಂದು. ಒಂದರಿಂದ ಹತ್ತರ ನಡು ಐದೂವರೆ. ಆ ಅಂಕೆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಯಾರ ತಂಟೆಗೂ ಹೋಗದ ಯೂರೋಪಿನ ಮಧ್ಯಮಮಾರ್ಗಿ ದಶಕಗಳಿಂದ ಅರ್ಧ ಅಂಕದಷ್ಟು ಎಡಪಂಥೀಯನಾಗಿದ್ದಾನೆ, ತನಗೇ ತಿಳಿಯದ ಹಾಗೆ. ಸೋಷಿಯಲ್ ಸರ್ವೆಯವರು ಸೊನ್ನೆಯಿಂದ ಹತ್ತರವರೆಗೆ ಪಟ್ಟಿ ಹಾಕಿ ಅವನನ್ನು ನೆಟ್ಟಗೆ ನಿಲ್ಲಿಸಿದರು.

ಸೂತ್ರ 4: ಮೌನವೂ ಒಂದು ಗಾಳಿ

ವೃತ್ತಿ: ಯೂರೋಬ್ಯಾರೋಮೀಟರ್ ಹುಟ್ಟಿದ 1974ರಲ್ಲೇ ಜರ್ಮನಿಯ ಎಲಿಜಬೆತ್ ನೋಯೆಲ್-ನೊಯ್ಮನ್ ಮೌನದ ಸುರುಳಿ ಎಂಬ ಸಿದ್ಧಾಂತವನ್ನು ಮಂಡಿಸಿದರು. ತನ್ನ ಮಾತಿಗೆ ಬೆಂಬಲವಿಲ್ಲವೆಂದು ಅನ್ನಿಸಿದವನು ಬಾಯಿ ಮುಚ್ಚುತ್ತಾನೆ. ಅವನು ಮುಚ್ಚಿದ್ದರಿಂದ ಬೆಂಬಲ ಇನ್ನೂ ಕಡಿಮೆಯಾದಂತೆ ಕಾಣುತ್ತದೆ. ಅದನ್ನು ಕಂಡು ಇನ್ನೊಬ್ಬನೂ ಮುಚ್ಚುತ್ತಾನೆ. ಇದನ್ನು ಪರೀಕ್ಷಿಸಲು ಅವರು ರೈಲಿನ ಪ್ರಶ್ನೆಯೊಂದನ್ನು ಹೂಡಿದರು. ಐದು ಗಂಟೆಯ ಪ್ರಯಾಣ. ಡಬ್ಬಿಯಲ್ಲಿ ಒಬ್ಬರು ಚರ್ಚೆಯ ವಿಷಯವೊಂದನ್ನು ಎತ್ತುತ್ತಾರೆ. ನೀವು ಮಾತಿಗೆ ಸೇರುತ್ತೀರೋ, ಇಲ್ಲವೋ? ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಈ ಪರೀಕ್ಷೆ ವ್ಯರ್ಥ. ಎಲ್ಲರೂ ಸೇರುತ್ತಾರೆ, ಅರಸೀಕೆರೆಯೊಳಗೆ ಸರಕಾರ ಬಿದ್ದಿರುತ್ತದೆ. ಆದ್ದರಿಂದ ಈ ಸೂತ್ರದ ವ್ಯಾಪ್ತಿ ಯೂರೋಪಿಗೆ ಮಾತ್ರ.

ಮೌನದ ತೂಕವನ್ನು ಬ್ರಿಟನ್ 1992ರಲ್ಲಿ ನೋಡಿತು. ಲೇಬರ್ ಪಕ್ಷ ತುಸು ಮುಂದಿದೆ ಎಂದು ಸಮೀಕ್ಷೆಗಳು ಹೇಳಿದವು. ಕನ್ಸರ್ವೇಟಿವ್ ಪಕ್ಷ ಏಳಕ್ಕೂ ಹೆಚ್ಚು ಶೇಕಡಾಂಶಗಳ ಅಂತರದಲ್ಲಿ ಮುಂದೆ ಬಂತು. ನಾಚಿಕೆಯ ಮತದಾರರು ಎಂಬ ಹೊಸ ಪಂಗಡವನ್ನು ಅಂದು ಕಂಡುಹಿಡಿಯಲಾಯಿತು. ನಾಚಿಕೆಪಡಬೇಕಾದವರು ಮತದಾರರೋ ಸಮೀಕ್ಷಕರೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ.

ಸೂತ್ರ 5: ಗೊತ್ತಿಲ್ಲ ಎಂಬುದು ಕಾರ್ಡಿನಲ್ಲಿಲ್ಲ

ವೃತ್ತಿ: ಇದು ಶಾಸ್ತ್ರದ ರಹಸ್ಯ ಭಾಗ. ಸಂದರ್ಶಕನು ಉತ್ತರಗಳಿರುವ ಕಾರ್ಡನ್ನು ಕೈಗೆ ಕೊಡುತ್ತಾನೆ. ಅದರಲ್ಲಿ ‘ಗೊತ್ತಿಲ್ಲ’ ಎಂಬ ಆಯ್ಕೆ ಅಚ್ಚಾಗಿರುವುದಿಲ್ಲ. ಅದನ್ನು ತೋರಿಸಿದರೆ ಬಹಳ ಮಂದಿ ಅದಕ್ಕೇ ಬೆರಳಿಟ್ಟುಬಿಡುತ್ತಾರೆ ಎಂಬ ಭಯ. ಉತ್ತರಿಸುವವರು ತಾವಾಗಿಯೇ ಬಾಯಿಬಿಟ್ಟು ಹೇಳಿದರೆ ಮಾತ್ರ ಬರೆದುಕೊಳ್ಳಬೇಕು. ಸೋಷಿಯಲ್ ಸರ್ವೆಯ ಹತ್ತರ ಪಟ್ಟಿಗಳಲ್ಲಿ ಅದಕ್ಕೆ ಕೊಟ್ಟ ಸಂಕೇತ 88; ಹೇಳುವುದಿಲ್ಲ ಎಂದವರಿಗೆ 77. ಲೆಕ್ಕ ಶುರುವಾಗುವ ಮುಂಚೆ ಈ ಇಬ್ಬರನ್ನೂ ಪಂಕ್ತಿಯಿಂದ ಎಬ್ಬಿಸುತ್ತಾರೆ. ಎಬ್ಬಿಸಲು ಮರೆತ ವಿದ್ಯಾರ್ಥಿಯ ಕೋಷ್ಟಕದಲ್ಲಿ ಸಂಸತ್ತಿನ ಮೇಲಿನ ನಂಬಿಕೆ ಹತ್ತಕ್ಕೆ ಎಂಬತ್ತೆಂಟಾಗಿ, ಏನೂ ಗೊತ್ತಿಲ್ಲದವರೇ ಪ್ರಜಾಪ್ರಭುತ್ವದ ಆಧಾರಸ್ತಂಭ ಎಂದು ಸಿದ್ಧವಾಗುತ್ತದೆ. ಆ ವಿದ್ಯಾರ್ಥಿಯನ್ನು ಗೈಡು ಬೈಯುತ್ತಾರೆ. ಈ ಲೇಖಕನ ಮತದಲ್ಲಿ ಅವನ ತೀರ್ಮಾನವನ್ನು ಇನ್ನೊಮ್ಮೆ ಪರಿಶೀಲಿಸಬಹುದಿತ್ತು.

ತನಗೆ ಗೊತ್ತಿಲ್ಲವೆಂಬುದು ತನಗೆ ಗೊತ್ತು ಎಂದದ್ದಕ್ಕೆ ಸಾಕ್ರಟಿಸ್‌ನನ್ನು ಯೂರೋಪು ಇಪ್ಪತ್ತನಾಲ್ಕು ಶತಮಾನ ತಲೆಯ ಮೇಲೆ ಹೊತ್ತಿತು. ಇವತ್ತು ಅಥೆನ್ಸಿನಲ್ಲಿ ಅವನ ಬಾಗಿಲು ತಟ್ಟಿದರೆ ಅವನೊಂದು 88, ಸರಾಸರಿಗೆ ಬರುವುದಿಲ್ಲ.

ನಿದರ್ಶನ

ಯೂರೋಪಿನ ಜನ ಒಮ್ಮೆ ಕರೆಯದೆಯೇ ಬಾಗಿಲಿಗೆ ಬಂದರು. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೂಡಿ ಚಳಿಗಾಲಕ್ಕೆ ಹಿಂದೂಡುವ ಪದ್ಧತಿ ಬೇಕೇ ಎಂದು 2018ರ ಬೇಸಿಗೆಯಲ್ಲಿ ಆಯೋಗವು ಅಂತರ್ಜಾಲದಲ್ಲಿ ಕೇಳಿತು. ಇಲ್ಲಿ ಚೀಟಿ ಎತ್ತಲಿಲ್ಲ, ಹುಟ್ಟುಹಬ್ಬ ಕೇಳಲಿಲ್ಲ, ಇಷ್ಟವಿದ್ದವರು ಬರೆಯಬಹುದಿತ್ತು. 46 ಲಕ್ಷ ಉತ್ತರ ಬಂತು, ಹಿಂದೆಂದೂ ಬಾರದಷ್ಟು. ಶೇ. 84 ಮಂದಿ ಬೇಡವೆಂದರು. ಸೌಟು ತಳ ಮುಟ್ಟಿತೇ ಎಂದು ನೋಡಿದರೆ, ಸುಮಾರು ಶೇ. 70 ಉತ್ತರ ಜರ್ಮನಿ ಒಂದರಿಂದಲೇ. ಆದರೂ ದನಿ ಸ್ಪಷ್ಟವಾಗಿತ್ತು. 2019ರ ಮಾರ್ಚಿನಲ್ಲಿ ಯೂರೋಪಿಯನ್ ಸಂಸತ್ತು ಈ ಪದ್ಧತಿ 2021ಕ್ಕೆ ಸಾಕು ಎಂದು ಮತ ಹಾಕಿತು. ಮುಂದೆ ಸದಸ್ಯ ದೇಶಗಳ ಸರಕಾರಗಳು ಒಂದು ನಿಲುವಿಗೆ ಬರಬೇಕಿತ್ತು, ಬರಲಿಲ್ಲ. ಮಾರ್ಚಿನ ಕೊನೆಯ ಭಾನುವಾರ ಯೂರೋಪು ಈಗಲೂ ಗಡಿಯಾರವನ್ನು ಮುಂದೆ ತಿರುಗಿಸುತ್ತದೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದೆ ತಿರುಗಿಸುತ್ತದೆ. ಮಳೆ ಬರುತ್ತದೆಂದು ಮಾಪಕ ಹೇಳಿ ವರ್ಷಗಳಾದವು. ಒಣಹಾಕಿದ ಬಟ್ಟೆ ಇನ್ನೂ ಹೊರಗೇ ಇದೆ.

ಫಲಶ್ರುತಿ

ಈ ಮೀಮಾಂಸೆಯನ್ನು ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ಓದಿದವರಿಗೆ ಸಮೀಕ್ಷೆಯ ಸುದ್ದಿ ಕಂಡಾಗ ಉದ್ವೇಗ ಆಗುವುದಿಲ್ಲ. ಕೇಳಿಸಿಕೊಂಡವರಿಗೆ ಎಷ್ಟು ಜನರನ್ನು ಕೇಳಿದಿರಿ ಎನ್ನುವ ಬುದ್ಧಿ ಬರುತ್ತದೆ. ಬರೆದುಕೊಂಡವರಿಗೆ ಎಷ್ಟು ಜನ ಬಾಗಿಲು ತೆರೆಯಲಿಲ್ಲ ಎನ್ನುವ ಬುದ್ಧಿಯೂ ಬರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಯೂರೋಪಿನ ಜನರ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಗ್ರಂಥಕರ್ತನನ್ನೇ ಯಾರಾದರೂ ಕೇಳಬಹುದು. ಕಾರ್ಡು ನೋಡಿದೆ, ಅದರಲ್ಲಿಲ್ಲ. ನಾನಾಗಿಯೇ ಹೇಳುತ್ತಿದ್ದೇನೆ, ಬರೆದುಕೊಳ್ಳಿ: 88.