ಸಮುದ್ರ ತಂದ ಮಾಸ್ತರರು

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಶಾಲೆಗಳಲ್ಲಿ ವಿಜ್ಞಾನ ಕಲಿಸುವವರ ನಡುವೆ ಒಂದು ವಿಶಿಷ್ಟ ಜಾತಿಯ ಮಾಸ್ತರರು ಸಿಗುತ್ತಾರೆ. ಚಳಿಗಾಲದ ಪ್ರವಾಸಕ್ಕೆ ಶಾಲೆ ಗಣಪತಿಪುಳೆಗೆ ಹೋದಾಗ ಉಳಿದ ಶಿಕ್ಷಕರು ಕೋಕಂ ಬಾಟಲಿಗೆ ಚೌಕಾಶಿ ಮಾಡುತ್ತಿದ್ದರೆ, ಇವರು ಪ್ಯಾಂಟನ್ನು ಮೊಣಕಾಲತನಕ ಮಡಚಿಕೊಂಡು ಬಂಡೆಗಳ ನಡುವಿನ ಹೊಂಡದಲ್ಲಿ ಕೈಯಾಡಿಸುತ್ತಿರುತ್ತಾರೆ. ಕಡಲ ನೀರಿಳಿದಾಗ ಅಲ್ಲಿ ಉಳಿದುಕೊಂಡ ನಾಲ್ಕು ಸನ್ಯಾಸಿ ಏಡಿ, ಒಂದಿಷ್ಟು ಶಂಖದ ಹುಳು, ಒಂದು ನಕ್ಷತ್ರ ಮೀನು 20 ಲೀಟರಿನ ಕ್ಯಾನಿಗಿಳಿದು, ಆಂಬಾ ಘಾಟ್ ಹತ್ತಿ, ಕೊಲ್ಹಾಪುರ ದಾಟಿ, ಸುಮಾರು 350 ಕಿ.ಮೀ. ದೂರದ ಸೊಲ್ಲಾಪುರ ಸೇರುತ್ತವೆ. ಅಕ್ಕಲಕೋಟದ ಏಡಿಗಾದರೆ ಇನ್ನೂ 40 ಕಿ.ಮೀ. ಹೆಚ್ಚಿನ ಯಾತ್ರೆ. ದಾರಿಯುದ್ದಕ್ಕೂ ಕ್ಯಾನು ಮಾಸ್ತರರ ಎರಡು ಕಾಲುಗಳ ನಡುವೆ. ಯಾರಾದರೂ ಅದರ ಮೇಲೆ ಚೀಲ ಇಟ್ಟರೆ ಜಗಳ. ಮರುದಿನ ಏಳನೆಯ ವರ್ಗದಲ್ಲಿ ಗಾಜಿನ ಪೆಟ್ಟಿಗೆ, ಹಿಂದಿನ ಕರಿಹಲಗೆಯ ಮೇಲೆ ಬಣ್ಣದ ಖಡುವಿನಲ್ಲಿ ‘ನಮ್ಮ ಸಮುದ್ರ’. ಶಾಲೆಗಳ ಮೇಲ್ವಿಚಾರಣೆಯ ಅಧಿಕಾರಿಗಳಾದ ಕೇಂದ್ರ ಪ್ರಮುಖರು ಬಂದು ರಿಬ್ಬನ್ ಕತ್ತರಿಸುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ವರ್ಗದ ಕಿಟಕಿಗಳನ್ನೆಲ್ಲ ತೆರೆದಿಡಬೇಕಾಗುತ್ತದೆ.

ಜನ ಇದಕ್ಕೆ ಕೊಡುವ ಕಾರಣ ಒಂದೇ: ತಂದರು, ಆಮೇಲೆ ನೋಡಿಕೊಳ್ಳಲಿಲ್ಲ. ಇದು ಮಾಸ್ತರರಿಗೆ ಮಾಡುವ ಅನ್ಯಾಯ. ಅವರು ಅತಿಯಾಗಿ ನೋಡಿಕೊಂಡರು. ಆ ಪ್ರಾಣಿಗಳು ಸತ್ತದ್ದೇ ಅಕ್ಕರೆಯಿಂದ. ಏಡಿ ಉಪವಾಸವಿದೆಯಲ್ಲ ಎಂದು ಅವರು ತಮ್ಮ ಡಬ್ಬಿಯ ಕಡಕ್ ಭಕ್ಕರಿಯನ್ನು ಪುಡಿ ಮಾಡಿ ಉದುರಿಸುತ್ತಾರೆ. ಮಾಸ್ತರರೇ ಹಾಕಿದ ಮೇಲೆ ವರ್ಗದ ಹುಡುಗರು ಬಿಟ್ಟಾರೆಯೇ? ಸಣ್ಣ ಏಡಿಯ ಹೊಟ್ಟೆಗೆ ಅಕ್ಕಿಕಾಳಿನಷ್ಟು ಮೀನಿನ ತುಣುಕು ಸಾಕು. ಮಿಕ್ಕಿದ್ದೆಲ್ಲ ತಳದಲ್ಲಿ ಕೊಳೆತು ಅಮೋನಿಯ ಆಗುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಗಳು ಹೊಸ ಪೆಟ್ಟಿಗೆಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮಾಸ್ತರರ ಸಮುದ್ರದ ಆಯುಷ್ಯವೇ ಅಷ್ಟಿಲ್ಲ. ಇದರ ಮೇಲೆ ಸೊಲ್ಲಾಪುರದ ಒಣಹವೆ. ಪೆಟ್ಟಿಗೆಯ ನೀರು ದಿನದಿನಕ್ಕೆ ಇಳಿಯುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂದು ಪಾಠ ಹೇಳಿದವರೂ ಇವರೇ. ಆದರೂ ಕಡಲ ಪ್ರಾಣಿಗೆ ಸಪ್ಪೆ ನೀರು ಹಾಕಲು ಮನಸ್ಸೊಪ್ಪದೆ ಪ್ರತಿ ತಂಬಿಗೆಗೂ ಒಂದು ಹಿಡಿ ಅಡಿಗೆ ಉಪ್ಪು ಬೆರೆಸುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಇರಬೇಕಾದ ಲವಣ ಏರುತ್ತ ಏರುತ್ತ ಉಪ್ಪಿನಕಾಯಿಯ ಹದಕ್ಕೆ ಬರುತ್ತದೆ. ತಂಬಿಗೆಯೂ ಮತ್ತೆ ಶುದ್ಧ ತಾಮ್ರದ್ದು, ಮನೆಯ ದೇವರ ಜಗಲಿಯಿಂದ ತಂದದ್ದು. ತಾಮ್ರ ತೀರ ಸ್ವಲ್ಪ ಕರಗಿದರೂ ಏಡಿಗೆ, ಶಂಖದ ಹುಳುವಿಗೆ ವಿಷ. ಕಡೆಗೆ ಉಸಿರುಗಟ್ಟಿದ ಸನ್ಯಾಸಿ ಏಡಿ ಶಂಖ ಬಿಟ್ಟು ಬರಿಮೈಯಲ್ಲಿ ಹೊರಬೀಳುತ್ತದೆ. “ಬರ್ರಿ ಬರ್ರಿ, ಮನಿ ಬದಲಿ ಮಾಡ್ಲಿಕತ್ತದ ನೋಡ್ರೋ” ಎಂದು ಮಾಸ್ತರರು ಇಡೀ ವರ್ಗವನ್ನು ಕರೆಯುತ್ತಾರೆ.

ಅವರ ಪರವಾಗಿಯೂ ವಾದ ಇಲ್ಲದಿಲ್ಲ. ಬಂಡೆಹೊಂಡದ ಪ್ರಾಣಿಗಳು ಗಟ್ಟಿಜೀವದವು, ಬಿಸಿಲಿಗೆ ಕಾದ ನೀರನ್ನೂ ಮಳೆಗೆ ಸಪ್ಪೆಯಾದ ನೀರನ್ನೂ ತಡೆಯುತ್ತವೆ ಎನ್ನುವುದು ಮೊದಲನೆಯದು. ಮಾತು ನಿಜ. ಆದರೆ ಅವು ತಡೆಯುವುದು ಕೆಲವು ತಾಸಿನ ಮಟ್ಟಿಗೆ. ಸುಮಾರು 12 ತಾಸು 25 ನಿಮಿಷಕ್ಕೊಮ್ಮೆ ಉಬ್ಬರ ಬಂದು ಹೊಂಡದ ಹೊಲಸನ್ನು ತೊಳೆದು, ತಂಪು ಮಾಡಿ, ಹೊಸ ಆಮ್ಲಜನಕ ಕೊಟ್ಟು ಹೋಗುತ್ತದೆ. ನಳಕ್ಕೆ ದಿನವೂ ನೀರು ಬಾರದ ಊರಿನಲ್ಲಿ ದಿನಕ್ಕೆರಡು ಉಬ್ಬರ ಎಲ್ಲಿಂದ ತರುವುದು? ನಾಲ್ಕು ಏಡಿ ಹೋದರೆ ಕಡಲಿಗೇನು ಕೊರತೆ ಎನ್ನುವುದು ಇನ್ನೊಂದು ವಾದ. ಇಂಗ್ಲೆಂಡಿನಲ್ಲಿ 1854ರಲ್ಲಿ ಫಿಲಿಪ್ ಗಾಸ್ ಎಂಬ ನಿಸರ್ಗಪ್ರಿಯ ‘ದಿ ಅಕ್ವೇರಿಯಂ’ ಪುಸ್ತಕ ಬರೆದಾಗ ಆತನಿಗೂ ಹಾಗೆಯೇ ಅನ್ನಿಸಿರಬೇಕು. ಓದಿದವರು ಬುಟ್ಟಿ ಹಿಡಿದು ದಂಡೆಗೆ ನುಗ್ಗಿದರು. ಆ ಹೊಂಡಗಳು ಬರಿದಾದುದನ್ನು 1907ರಲ್ಲಿ ಮಗ ಎಡ್ಮಂಡ್ ತನ್ನ ‘ಫಾದರ್ ಅಂಡ್ ಸನ್’ನಲ್ಲಿ ನೊಂದು ಬರೆಯಬೇಕಾಯಿತು. ಅವರಿಗಾದರೂ ದಂಡೆ ಹತ್ತಿರವಿತ್ತು, ಉಳಿದದ್ದನ್ನು ಮರಳಿ ಬಿಡಬಹುದಿತ್ತು. ಅಕ್ಕಲಕೋಟದಿಂದ ಒಂದು ಏಡಿಗಾಗಿ ಯಾವ ಬಸ್ಸು ಗಣಪತಿಪುಳೆಗೆ ತಿರುಗಿ ಹೋಗುತ್ತದೆ?

ನಿಜವಾಗಿ ತೂಕವಿರುವ ಆಕ್ಷೇಪ ಬೇರೆಯೇ ಇದೆ: ಒಣನಾಡಿನ ಮಕ್ಕಳು ಕಡಲ ಜೀವವನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಬೇಕೇ? ಬೇಡ. ಆದರೆ ಕಡಲ ದಂಡೆಯಲ್ಲೇ ನೋಡಲಿ. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಅಲ್ಲಿಯದೇ ನೀರು ತುಂಬಿ, ನೆರಳಿಗಿಟ್ಟು, ಸೊಲ್ಲಾಪುರದ ಟವೆಲ್ ಒಂದನ್ನು ಒದ್ದೆ ಮಾಡಿ ಸುತ್ತಿದರೆ ನೀರು ತಂಪಾಗಿರುತ್ತದೆ. ಅರ್ಧ ತಾಸಿನಲ್ಲಿ ಏಡಿ ಶಂಖದಿಂದ ಕಣ್ಣು ಹೊರಹಾಕುವುದನ್ನೂ, ನಕ್ಷತ್ರ ಮೀನು ಅಡಿಯ ನೂರಾರು ಕೊಳವೆಗಾಲುಗಳಿಂದ ಸರಿಯುವುದನ್ನೂ ಮಕ್ಕಳು ಕಾಣಬಹುದು. ಆಮೇಲೆ ತೆಗೆದ ಹೊಂಡಕ್ಕೇ ಬಿಡಬಹುದು. ವರ್ಗದಲ್ಲೇ ಪೆಟ್ಟಿಗೆ ಬೇಕೆಂದರೆ ಜುಲೈ ಮಳೆಗೆ ಬೋರಿ ನದಿಯ ಬದಿಯ ಕುಣಿಗಳಲ್ಲಿ ಕಪ್ಪೆಮರಿಗಳು ಸಿಗುತ್ತವೆ. ಅವುಗಳಿಗೆ ಉಪ್ಪೂ ಬೇಡ, ಘಾಟೂ ಬೇಡ. ಕಾಲು ಮೂಡಿ ಬಾಲ ಕರಗಿದ ಮೇಲೆ ಹುಡುಗರೇ ನಡೆದುಹೋಗಿ ಬಿಟ್ಟು ಬರಬಹುದು. ಈ ಸಲಹೆಗೆ ಮಾಸ್ತರರ ಉತ್ತರ ಸಿದ್ಧವಿದೆ: “ಕಪ್ಪಿಮರಿ ನೋಡ್ಲಿಕ್ಕೆ ಯಾರ್ ಬರ್ತಾರ್ರೀ?” ಹುಡುಗರಂತೂ ಬರುತ್ತಾರೆ. ಬಾರದೆ ಇರುವವರು ಕೇಂದ್ರ ಪ್ರಮುಖರು.