ಚುಕ್ಕೆ ಮೇಷ್ಟರು

ಮೈಸೂರಿನ ಅಗ್ರಹಾರದ ಕಡೆಯ ಡಿ.ಟಿ.ಪಿ. ಅಂಗಡಿಯೊಂದಕ್ಕೆ, ಇಳಿಹೊತ್ತಿನ ನಾಲ್ಕು ಗಂಟೆಯ ಸುಮಾರಿಗೆ, ಕಂಕುಳಲ್ಲಿ ಕೊಡೆಯನ್ನೂ ಕೈಯಲ್ಲಿ ಹಸ್ತಪ್ರತಿಯ ಕಟ್ಟನ್ನೂ ಹಿಡಿದ ನಿವೃತ್ತ ಸಂಸ್ಕೃತಾಧ್ಯಾಪಕರೊಬ್ಬರು ಮೆಟ್ಟಿಲೇರುತ್ತಿರುವುದು ಕಂಡಿತೆಂದರೆ, ಒಳಗಿನ ಹುಡುಗರಲ್ಲಿ ಒಬ್ಬನಿಗೆ ಹೊಟ್ಟೆನೋವೂ ಇನ್ನೊಬ್ಬನಿಗೆ ಬ್ಯಾಂಕಿನ ಕೆಲಸವೂ ಏಕಕಾಲದಲ್ಲಿ ಪ್ರಾಪ್ತವಾಗುತ್ತವೆ. ಅವರಿಗೆ ತಂದೆತಾಯಿಗಳಿಟ್ಟ ಹೆಸರು ಬೇರೆ. ಬೀದಿಗೆಲ್ಲ ಅವರು ಚುಕ್ಕೆ ಮೇಷ್ಟರು. ವಿಶ್ವವಿದ್ಯಾನಿಲಯವಿರುವ ಪ್ರತಿಯೊಂದು ಊರಿನಲ್ಲಿಯೂ ಇಂಥವರು ಒಬ್ಬರಾದರೂ ಇರುವರೆಂದು ನನ್ನ ನಂಬಿಕೆ.

ನಮ್ಮ ಶಬ್ದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘಸ್ವರಕ್ಕೆ ತಲೆಯ ಮೇಲೊಂದು ಗೆರೆಯೂ ಮೂರ್ಧನ್ಯಕ್ಕೆ ಕಾಲಡಿಯಲ್ಲೊಂದು ಚುಕ್ಕೆಯೂ ಇರತಕ್ಕದ್ದೆಂಬುದು ಮೇಷ್ಟರ ಸಿದ್ಧಾಂತ. 1894ರಲ್ಲಿ ಜಿನೀವಾ ನಗರದಲ್ಲಿ ನೆರೆದ ಪ್ರಾಚ್ಯವಿದ್ವಾಂಸರು ಈ ವಿಷಯವನ್ನು ಇತ್ಯರ್ಥಪಡಿಸಿದ್ದೂ, ಅದೇ ವರ್ಷ ಮಂಗಳೂರಿನಲ್ಲಿ ಕಿಟ್ಟೆಲರ ನಿಘಂಟು ಹೊರಬಿದ್ದದ್ದೂ ಅವರ ಮಟ್ಟಿಗೆ ಕಾಕತಾಳೀಯವಲ್ಲ, ಗ್ರಹಯೋಗ. ಬಸ್ಸಿನ ಮುಂಗಡೆ ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರನ್ನು ಓದುವಾಗಲೆಲ್ಲ ಅವರ ಮುಖ ಸಪ್ಪಗಾಗುವುದು: 'ಹೊಸಹಳ್ಳಿ ಹೋಗಿ ಹೊಸ ಹಲ್ಲಿಯಾಯಿತು. ಹಳ್ಳಿಗಳಿಂದ ತುಂಬಿದ್ದ ನಾಡು ನೋಡು, ಈಗ ಗೋಡೆಯ ತುಂಬ ಹಲ್ಲಿ!' ಮಾತು ದಿಟವೇ. ಕಲ್ಲಿಗೂ ಕಳ್ಳಿಗೂ ಇರುವ ಅಂತರವನ್ನು ಒಂದು ಚುಕ್ಕೆ ಕಾಯುತ್ತಿರುವಾಗ ಅದನ್ನು ಅಲಕ್ಷಿಸುವುದು ಅಪಾಯಕರ. (ನನ್ನ ಹೆಸರಿನ ಳಕಾರವನ್ನು ಪಾಸ್‌ಬುಕ್ಕಿನವರು ಎಂದೋ ಲಕಾರಕ್ಕೆ ಇಳಿಸಿದ್ದಾರೆ, ನನಗೇನೂ ನಿದ್ದೆ ಕೆಟ್ಟಿಲ್ಲ.)

ಬೆರಳಚ್ಚು ಯಂತ್ರದ ಕಾಲದಲ್ಲಿ ಮೇಷ್ಟರಿಗೆ ಇಷ್ಟು ಕಷ್ಟವಿರಲಿಲ್ಲ. ಹಾಳೆಯನ್ನು ಹೊಡೆಸಿ ಮನೆಗೆ ಒಯ್ದು, ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು, ಸಣ್ಣ ಮೊನೆಯ ಪೆನ್ನಿನಿಂದ ಒಂದೊಂದೇ ಚುಕ್ಕೆಯನ್ನು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ವಾತ್ಸಲ್ಯದಿಂದ ಇಡುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಆ ಸುಖ ತಪ್ಪಿತು. ಕೀಲಿಮಣೆಯ ಮೇಲಿರುವುದು ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳು. ಚುಕ್ಕೆಯ ಅಕ್ಷರಕ್ಕೆ ಅಲ್ಲಿ ಮನೆಯಿಲ್ಲ, ಸಂಕೇತಸಂಖ್ಯೆ ಮಾತ್ರ ಉಂಟು. ಮೇಷ್ಟರು ಸೋಲುವವರೆ? ಸಂಖ್ಯೆಗಳನ್ನೆಲ್ಲ ಅಮರಕೋಶದಂತೆ ಕಂಠಪಾಠ ಮಾಡಿಬಿಟ್ಟರು. ಆಕಾರಕ್ಕೆ 0101, ಣಕಾರಕ್ಕೆ 1ಇ47, ಳಕಾರಕ್ಕೆ 1ಇ37: ಹುಡುಗನ ಬೆನ್ನ ಹಿಂದೆ ನಿಂತು ಅವರು ಉಚ್ಚರಿಸುವರು, ಅವನು ಅದನ್ನು ಒತ್ತಿ, ಆಲ್ಟ್ ಹಿಡಿದು, ಎಕ್ಸ್ ಒತ್ತಿದರೆ ಅಂಕಿ ಮಾಯವಾಗಿ ಅಕ್ಷರ ಮೂಡುವುದು. ಪ್ರತಿ ಸಲವೂ ಮೇಷ್ಟರು 'ಭೇಷ್' ಎನ್ನುವರು.

ಒಂದು ದಿನ ನಾನಿದ್ದಾಗಲೇ ಗ್ರಂಥದ ಮಂಗಳಶ್ಲೋಕ ಆರಂಭವಾಯಿತು. ಮೊದಲ ಪದ ಗಣಪತಿ. ಹುಡುಗ ಜಿ, ಎ ಎಂದು ಹೊಡೆದು 1ಇ47 ಸೇರಿಸಿ ಎಕ್ಸ್ ಒತ್ತಿದ. ಣಕಾರ ಬರುವುದಿರಲಿ, ಹಿಂದಿನ ಎ ಕೂಡ ನುಂಗಿಹೋಗಿ ಒಂದು ಖಾಲಿ ಚೌಕ ಮಿಕ್ಕಿತು. ಎ ಇಂದ ಎಫ್‌ವರೆಗಿನ ಅಕ್ಷರಗಳನ್ನೂ ಯಂತ್ರವು ಅಂಕಿಗಳೆಂದೇ ಗಣಿಸುವುದರಿಂದ ಅದು ಎ ಅನ್ನೂ ಸೇರಿಸಿಕೊಂಡು ಓದಿತ್ತು. ಗುಣಕ್ಕೆ ಈ ತೊಂದರೆಯಿಲ್ಲ, ಗಣಕ್ಕೆ ಉಂಟು.

'ವಿಘ್ನೇಶ್ವರನ ಹೆಸರಿಗೇ ವಿಘ್ನವೇನಯ್ಯಾ!' ಎಂದು ಮೇಷ್ಟರು ಕುರ್ಚಿಯಲ್ಲಿ ಕುಸಿದರು. ಸಂಕೇತವನ್ನಷ್ಟೇ ಆಯ್ದುಕೊಂಡು ಎಕ್ಸ್ ಒತ್ತಬೇಕೆಂಬ ಪರಿಹಾರ ಸಿಕ್ಕುವ ಹೊತ್ತಿಗೆ ಎರಡು ಲೋಟ ಕಾಫಿ ಮುಗಿದಿತ್ತು.

'ಸಾರ್, ಕನ್ನಡದಲ್ಲೇ ಹೊಡೆದುಬಿಡಲಾ? ಶಿಫ್ಟ್ ಹಿಡಿದು ಎನ್ ಒತ್ತಿದ್ರೆ ಣ ಬಂತು, ಎಲ್ ಒತ್ತಿದ್ರೆ ಳ ಬಂತು' ಎಂದ ಹುಡುಗ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಕೆ.ಪಿ. ರಾಯರ ವಿನ್ಯಾಸದಲ್ಲಿ ಅದೇ ಕೀಲಿಮಣೆ ಕನ್ನಡವನ್ನು ಅಷ್ಟು ಸಲೀಸಾಗಿ ನುಡಿಯುತ್ತದೆ.

'ಕನ್ನಡದಲ್ಲಿ ಹೊಡೆದರೆ ಜರ್ಮನಿಯ ಪಂಡಿತ ಹೇಗೋ ಓದಬೇಕು?'

'ಜರ್ಮನಿಗೆ ಎಷ್ಟು ಪ್ರತಿ ಕಳಿಸ್ತೀರಾ ಸಾರ್?'

'ಒಂದು' ಎಂದರು ಮೇಷ್ಟರು, ಸ್ವಲ್ಪವೂ ಅಳುಕದೆ. ಆ ಒಂದು ಪ್ರತಿಗಾಗಿ ಮುನ್ನೂರು ಪುಟಗಳಿಗೆ ಚುಕ್ಕೆಯಿಡಿಸುವ ಮನುಷ್ಯನನ್ನು ಹುಚ್ಚನೆನ್ನಲು ನನಗೆ ನಾಲಗೆ ಬರಲಿಲ್ಲ. ಹುಡುಗನಿಗೆ ಬಂತೋ ಏನೋ, ನುಂಗಿಕೊಂಡ.

ಕತ್ತಲಾಗುವ ಹೊತ್ತಿಗೆ ನಾಲ್ಕು ಪುಟ ಆಯಿತು. ಹುಡುಗ ಇಂಗ್ಲಿಷಿನಲ್ಲಿ ಹೆಸರು ಬರೆದು ರಸೀದಿ ಹರಿದುಕೊಟ್ಟ. ಮೇಷ್ಟರು ಅದನ್ನು ದೀಪಕ್ಕೆ ಹಿಡಿದು ನೋಡಿ, ಜೇಬಿನಿಂದ ಪೆನ್ನು ತೆಗೆದು, ತಮ್ಮ ಹೆಸರಿಗೆ ಎರಡು ಚುಕ್ಕೆ ಒಂದು ಗೆರೆ ಹಾಕಿ, ಆಮೇಲೆ ದುಡ್ಡು ಎಣಿಸಿದರು.