ಬೈ-ಟು ಹೊಟ್ಟೆ

ಹೊಟ್ಟೆಯ ವಿಷಯದಲ್ಲಿ ನಮ್ಮ ಪುರಾಣಗಳು ಬಲು ಉದಾರ. ಭೀಮನಿಗೆ ವೃಕೋದರನೆಂಬ ಬಿರುದು, ಬಕಾಸುರನಿಗೆ ಬಂಡಿ ತುಂಬ ಅನ್ನ. ಗಣಪನಂತೂ ಹೊಟ್ಟೆ ಬಿರಿದಾಗ ಹಾವು ಬಿಗಿದುಕೊಂಡನೇ ಹೊರತು ಡಾಕ್ಟರ ಹತ್ತಿರ ಹೋಗಲಿಲ್ಲ. ಹೊಟ್ಟೆ ಕತ್ತರಿಸಿ ಸಣ್ಣದು ಮಾಡಿಸಿಕೊಂಡ ಮಹಾಪುರುಷ ಒಬ್ಬನೂ ಯಾವ ಪರ್ವದಲ್ಲೂ ಸಿಗುವುದಿಲ್ಲ. ಹೀಗಾಗಿ ಧೈರ್ಯಕ್ಕೆ ನನಗೆ ರಾಜಕಾರಣಿಗಳೇ ಗತಿಯಾದರು. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡಿದ್ದರು. ದೇಶದ ಖಜಾನೆ ನೋಡಿಕೊಳ್ಳುವವರಿಗೇ ಹೊಟ್ಟೆ ನೋಡಿಕೊಳ್ಳುವುದು ಕಷ್ಟವಾಗಿತ್ತು ಅಂದಮೇಲೆ, ಬೆಂಗಳೂರಿನ ಮರ್ಫಿ ಟೌನ್‌ನಲ್ಲಿರುವ ನನ್ನದೇನು ಮಹಾ?

ನನಗೆ ಆದದ್ದು ಸ್ಲೀವ್ ಎಂಬ ಸರ್ಜರಿ. ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ತೆಗೆದು, ಸಪೂರ ಕೊಳವೆಯಂಥದ್ದನ್ನು ಉಳಿಸುತ್ತಾರೆ. ಅರ್ಧ ಲೋಟ ಗಂಜಿ ಬಿದ್ದರೆ ಹೌಸ್‌ಫುಲ್. ತೆಗೆದುಹಾಕಿದ ಭಾಗದಲ್ಲೇ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದಂತೆ. ಮೆದುಳಿಗೆ ‘ಹಸಿವು, ಹಸಿವು’ ಎಂದು ಚಾಡಿ ಹೇಳುವುದೇ ಅದರ ಕೆಲಸ. ಅದನ್ನು ಪತ್ತೆ ಹಚ್ಚಿದ್ದು ಜಪಾನಿನ ವಿಜ್ಞಾನಿಗಳು, 1999ರಲ್ಲಿ. ಸರ್ಜರಿಯಾದ ಮೇಲೆ ಆ ಚಾಡಿಕೋರನ ಬಾಯಿ ಬಹುಮಟ್ಟಿಗೆ ಬಂದ್ ಆಯಿತು. ಊಟದ ಹೊತ್ತು ಗಡಿಯಾರ ನೋಡಿಯೇ ಗೊತ್ತಾಗಬೇಕು. ಆದರೆ ಹಸಿವು ಬೇರೆ, ನಾಲಿಗೆ ಚಪಲ ಬೇರೆ. ಹಸಿವು ಜಠರದಲ್ಲಿತ್ತು, ಹೋಯಿತು. ಚಪಲ ಎಲ್ಲಿದೆಯೋ, ಯಾವ ಸರ್ಜನ್ನನ ಕತ್ತರಿಗೂ ಸಿಕ್ಕಿಲ್ಲ.

ಬ್ರಿಟಿಷರ ಕಾಲದ ಎಂಜಿನಿಯರೊಬ್ಬರ ಹೆಸರು ಹೊತ್ತ ಈ ಚಿಕ್ಕ ಮನೆಗಳ ಬಡಾವಣೆಯಲ್ಲಿದ್ದುಕೊಂಡು ಚಪಲವನ್ನು ಗೆಲ್ಲುವುದು ಋಷಿಗಳಿಗೂ ಆಗದ ಕೆಲಸ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಮೀನು, ಮಾಂಸ; ಸಂಜೆಯಾದರೆ ಬಜ್ಜಿ ಬಾಣಲೆಯಿಂದ ಎದ್ದ ಹೊಗೆ ನೇರ ನಮ್ಮ ಕಿಟಕಿಗೇ ಬರುತ್ತದೆ. ಮಟನ್ ಅಂಗಡಿಯವನು ನನ್ನನ್ನು ಕಂಡರೆ ಮೊದಲು ಎರಡು ಕೇಜಿಗೇ ತಕ್ಕಡಿ ಸಿದ್ಧ ಮಾಡುತ್ತಿದ್ದ. ಈಗ ಕಾಲು ಕೇಜಿ ಖೀಮಾ ಕೇಳಿದರೆ ಕತ್ತಿ ಕೆಳಗಿಟ್ಟು, ದನಿ ತಗ್ಗಿಸಿ, “ಏನ್ ಸಾರ್, ಮನೇಲಿ ಜಗಳಾನಾ?” ಅನ್ನುತ್ತಾನೆ.

ಖೀಮಾ ಚಪಲಕ್ಕಲ್ಲ, ಲೆಕ್ಕಕ್ಕೆ. ದಿನಕ್ಕೆ ಕಡಿಮೆಯೆಂದರೂ ಅರವತ್ತು ಗ್ರಾಂ ಪ್ರೋಟೀನ್ ಹೊಟ್ಟೆ ಸೇರಬೇಕೆಂದು ಡಯೆಟಿಷಿಯನ್ ಮೇಡಂ ಆಜ್ಞೆ. ಒಂದು ಮೊಟ್ಟೆಗೆ ಹೆಚ್ಚೆಂದರೆ ಆರೇಳು ಗ್ರಾಂ, ಇಡ್ಲಿಯದು ಕೇಳಲೇಬೇಡಿ. ಈ ಹೊಟ್ಟೆ ನಮ್ಮ ಬೀದಿಯ ಮನೆಗಳ ಹಾಗೆ. ಒಳಗೆ ನಾಲ್ವರಿಗಷ್ಟೇ ಜಾಗ. ಮೊದಲು ಮೊಟ್ಟೆ, ಮೀನು, ಪನೀರು, ಬೇಳೆಯನ್ನು ಕರೆದು ಕೂರಿಸಬೇಕು. ಅನ್ನ ಸಾರು ಬಾಗಿಲಲ್ಲಿ ಕಾಯಲಿ. ಜಾಗ ಉಳಿದರೆ ನೋಡೋಣ. ಉಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಧರ್ಮಸಂಕಟ ರಾಗಿಮುದ್ದೆಯದು. ನಮ್ಮಮ್ಮ ಕೋಲಾರದ ಕಡೆಯವರು. ಮುದ್ದೆಯನ್ನು ನುಂಗಬೇಕು, ಹಲ್ಲಿಗೆ ಸೋಕಿಸಬಾರದು ಎಂಬುದು ಆ ಕಡೆ ಹಾಲು ಹಲ್ಲು ಮೂಡುವ ಮೊದಲೇ ಆಗುವ ಉಪದೇಶ. ಡಾಕ್ಟರ ಉಪದೇಶವೋ ತದ್ವಿರುದ್ಧ: ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ. ಮುದ್ದೆಯನ್ನು ಅಗಿದು ನೋಡಿದ್ದೀರಾ? ಚಿಟಿಕೆಯಷ್ಟು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡರೆ, ನಾಲ್ಕನೇ ಅಗಿತಕ್ಕೆ ಸಾರು ಗಂಟಲಿಗಿಳಿದು ಪಾರಾಗುತ್ತದೆ. ಹತ್ತನೆಯದಕ್ಕೆ ಹಿಟ್ಟು ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಹದಿನೈದಕ್ಕೆ ದವಡೆ ಹಲ್ಲಿನ ಸಂದಿ ಸೇರುತ್ತದೆ. ಆಮೇಲೆ ನಾಲಿಗೆ ಅದನ್ನು ಹುಡುಕಿಕೊಂಡು ಬಾಯಿತುಂಬ ಅಲೆಯಬೇಕು. ಅಮ್ಮ ಎದುರಿಗೇ ಕೂತು ನೋಡುತ್ತಿದ್ದವರು, “ಏನೋ ಅದು, ಮುದ್ದೇನೋ ಚೂಯಿಂಗ್ ಗಮ್ಮೋ?” ಎಂದರು. ಅಗಿಯದೆ ಇಳಿಸಿದರೆ ಎದೆಗೂಡಿನ ನಡುವೆ ಬಂದು ನಿಲ್ಲುತ್ತದೆ. ಬಾಯಲ್ಲಿ ಎಂಜಲು ಉಕ್ಕುತ್ತದೆ, ಬಿಕ್ಕಳಿಕೆ ಬರುತ್ತದೆ. ಎದ್ದು ಓಡಾಡಬೇಕು. ನೀರು ಕುಡಿದು ತಳ್ಳೋಣವೆಂದರೆ ಅದಕ್ಕೂ ಕಟ್ಟಳೆ: ಊಟದ ಜೊತೆ ನೀರಿಲ್ಲ, ಮಜ್ಜಿಗೆಯಿಲ್ಲ, ಏನೇ ಕುಡಿಯುವುದಿದ್ದರೂ ಉಂಡು ಅರ್ಧ ಗಂಟೆ ಕಳೆದ ಮೇಲೆ.

ಇನ್ನು ಹಬ್ಬಗಳು. ಮರ್ಫಿ ಟೌನ್‌ನ ಕ್ಯಾಲೆಂಡರಿನಲ್ಲಿ ಎಲ್ಲ ದೇವರಿಗೂ ಒಂದೊಂದು ತಟ್ಟೆ ಇದೆ. ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಆಂಟಿ ಕಲ್ಕಲ್, ರೋಸ್ ಕುಕ್ಕಿ ತರುತ್ತಾರೆ. ರಂಜಾನ್‌ಗೆ ಎದುರು ಮನೆಯಿಂದ ಬಿರಿಯಾನಿ ಡಬ್ಬಿ ಬರುತ್ತದೆ. ಬೇಸಿಗೆಯಲ್ಲಿ ಹಲಸೂರು ಸೋಮೇಶ್ವರನ ಪಲ್ಲಕ್ಕಿ ಬಂತೆಂದರೆ ಪಾನಕ, ಕೋಸಂಬರಿ. ಕೋಸಂಬರಿಗೆ ನನ್ನ ನಮಸ್ಕಾರ, ಹೆಸರುಬೇಳೆ ಪ್ರೋಟೀನು. ಪಾನಕಕ್ಕೆ ದೂರದಿಂದಲೇ ಕೈಮುಗಿಯುತ್ತೇನೆ. ಸಿಹಿ ನೀರು ಜಠರದಲ್ಲಿ ನಿಲ್ಲದೆ ಸರಕ್ಕನೆ ಕರುಳಿಗಿಳಿದರೆ ಎದೆ ಡವಡವ, ಮೈ ಬೆವರು, ಆಮೇಲೆ ಸುಸ್ತು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಜಠರದ ಬೈಪಾಸ್ ಮಾಡಿಸಿಕೊಂಡವರಿಗೆ ಇದರ ಕಾಟ ಹೆಚ್ಚು, ಸ್ಲೀವಿನವರಿಗೂ ಪೂರ್ತಿ ತಪ್ಪಿದ್ದಲ್ಲ. ನನ್ನ ಅಳತೆಗೆ ಸರಿಯಾದ ಹಬ್ಬ ಸಂಕ್ರಾಂತಿ ಒಂದೇ. ಎಳ್ಳುಬೆಲ್ಲ ಬೊಗಸೆ ತುಂಬ ಕೊಟ್ಟರೂ ಜನ ಚಿಟಿಕೆಯಷ್ಟೇ ಬಾಯಿಗೆ ಹಾಕಿಕೊಂಡು ಮಿಕ್ಕದ್ದನ್ನು ಜೇಬಿಗಿಳಿಸುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ.

ಮದುವೆ ಮನೆಯಲ್ಲಿ ಹಾಗಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸುವ ನಿಪುಣರಿದ್ದಾರೆ. “ಇಷ್ಟೇನಾ ಭಾವ? ಅಡುಗೆ ಸರಿಯಾಗಿಲ್ವಾ?” ಎಂದು ನಾದಿನಿ ಮುಖ ಬಾಡಿಸುತ್ತಾಳೆ. ದಪ್ಪಗಿದ್ದಾಗ “ಸ್ವಲ್ಪ ಇಳಿಸಪ್ಪಾ” ಎಂದು ಬುದ್ಧಿ ಹೇಳಿದ ಬಂಧುಗಳೇ ಈಗ ಮೂಲೆಗೆ ಕರೆದು “ಎಲ್ಲ ಟೆಸ್ಟೂ ಮಾಡಿಸಿದೀಯಾ?” ಎಂದು ಪಿಸುಗುಡುತ್ತಾರೆ. ಟೈಲರ್ ಒಬ್ಬನೇ ಸಂತೋಷಪಟ್ಟವನು. ಪ್ಯಾಂಟುಗಳ ಸೊಂಟವನ್ನು ಮತ್ತೆ ಮತ್ತೆ ಹಿಡಿಸಬೇಕಾಗಿ ಬಂದು, ನಾನು ಅವನ ಖಾಯಂ ಗಿರಾಕಿಯಾದೆ. ಆ ಸಂಭ್ರಮದಲ್ಲಿ ತಲೆಕೂದಲೂ ತನ್ನ ಪಾಲಿನ ತೂಕ ಇಳಿಸಿತು. ಸರ್ಜರಿಯಾದ ಕೆಲವು ತಿಂಗಳಿಗೆ ಕೂದಲು ಉದುರುವುದು ಸಾಮಾನ್ಯವಂತೆ. ಸಾಮಾನ್ಯವಾಗಿ ಮತ್ತೆ ಬರುತ್ತದೆ, ಮೊದಲು ಇದ್ದವರಿಗೆ.

ಇಷ್ಟಾದರೂ ಬೆಂಗಳೂರಿಗೆ ನಾನು ಋಣಿ. ಒಂದನ್ನೇ ಇಬ್ಬರು ಹಂಚಿಕೊಳ್ಳುವ ಬೈ-ಟು ಎಂಬ ಮಹಾಮಂತ್ರ ಇಲ್ಲಿನ ದರ್ಶಿನಿ ಹೋಟೆಲುಗಳಲ್ಲಿ ಎಂದಿನಿಂದಲೋ ಚಾಲ್ತಿಯಲ್ಲಿದೆ. ಕಾಫಿ ಬೈ-ಟು, ಸೂಪು ಬೈ-ಟು. ನನ್ನಂಥವರಿಗಾಗಿಯೇ ಊರು ಮೊದಲೇ ಸಜ್ಜಾದ ಹಾಗಿದೆ. ಒಬ್ಬನೇ ಹೋಗಿ ಬೈ-ಟು ಕೇಳಿದಾಗ ಮಾತ್ರ ಕ್ಯಾಷಿಯರ್ ನನ್ನ ಬೆನ್ನ ಹಿಂದೆ ಇಣುಕಿ, “ಇನ್ನೊಬ್ರು ಎಲ್ಲಿ ಸಾರ್?” ಅನ್ನುತ್ತಾನೆ. ಇನ್ನೊಬ್ಬರು ನನ್ನ ಹೆಂಡತಿ. ಮಸಾಲೆದೋಸೆಯ ಮುಕ್ಕಾಲು ಅವಳ ಪಾಲು. “ರೀ, ನೀವು ಇಳಿಸಿದ್ದೆಲ್ಲ ನನಗೇ ವರ್ಗಾವಣೆ ಆಗ್ತಿದೆ” ಎಂಬುದು ಅವಳ ದೂರು. ಸಂಜೆ ಇಬ್ಬರೂ ಹಲಸೂರು ಕೆರೆ ಕಡೆ ನಡೆಯಲು ಹೋಗುವುದು ಈ ದೂರಿನ ಪರಿಹಾರಕ್ಕೇ.

ಸರ್ಜರಿ ಎಂದರೆ ಸುಲಭದ ದಾರಿ ಎನ್ನುವವರಿಗೆ ಒಂದು ಮಾತು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ಆಗಾಗ ರಕ್ತಪರೀಕ್ಷೆ ಇವೆಲ್ಲ ಬದುಕಿರುವವರೆಗೂ ಇದ್ದದ್ದೇ. ಲಂಗುಲಗಾಮಿಲ್ಲದೆ ತಿಂದರೆ ಸಣ್ಣ ಹೊಟ್ಟೆಯೂ ಹಿಗ್ಗುತ್ತದೆ, ಇಳಿದ ತೂಕ ಮರಳುತ್ತದೆ. ಡಾಕ್ಟರು ಹೊಟ್ಟೆಯ ಅಳತೆ ಬದಲಿಸಿ ಕೊಡುತ್ತಾರೆ. ಅದರೊಂದಿಗೆ ಬಾಳುವುದು ನಮ್ಮ ಕೆಲಸ, ಅರ್ಧ ಕೆಲಸ ನಮಗೆ ಬಡಿಸುವವರದ್ದು. ನಿಮ್ಮ ಮನೆಗೂ ಇಂಥವರು ಊಟಕ್ಕೆ ಬಂದಾರು. ಸಾಕು ಎಂದಾಗ ಸೌಟನ್ನು ಪಾತ್ರೆಗೆ ವಾಪಸ್ ಹಾಕಿ, ಅಡುಗೆಯ ಮೇಲೆ ಅನುಮಾನ ಪಡಬೇಡಿ, ಕೂತು ಮಾತಾಡಿ. ಅರ್ಧ ಗಂಟೆ ಬಿಟ್ಟು ಕಾಫಿ ಕೊಡಿ. ಸಕ್ಕರೆ ಬೇಡ, ಬೈ-ಟು ಸಾಕು.